ಟೋಪಿಯ ಮೇಲೆ ಕನ್ನಡ: ಸೂಜಿ ಮುರಿಯುವುದೇಕೆ?

ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಶಾಲೆಯ ಮಕ್ಕಳು ಕ್ರೀಡಾಕೂಟಕ್ಕೆ ಹೊರಡುವಾಗ ಅವರ ತಲೆಯ ಮೇಲೆ ಕನ್ನಡದಲ್ಲಿ ಹೆಸರು ಹೊಲಿದ ಟೋಪಿ ಇರಬೇಕೆಂದು ಪಾಲಕರ ಸಭೆಯಲ್ಲಿ ತೀರ್ಮಾನವಾಗಿತ್ತು. ಹಣವನ್ನೂ ಪಾಲಕರೇ ಕೂಡಿಸಿದ್ದರು. ಸೊಲ್ಲಾಪುರವು ಶಾಲಾ ಸಮವಸ್ತ್ರ ತಯಾರಿಕೆಗೆ ಹೆಸರಾದ ಊರು. ನಮ್ಮ ಮಕ್ಕಳ ತಾಯಂದಿರಲ್ಲಿ ಕೆಲವರು ಅಲ್ಲಿಯ ಹೊಲಿಗೆ ಕೆಲಸದಲ್ಲಿಯೇ ಇದ್ದಾರೆ. ಆದ್ದರಿಂದ ಇದು ಸುಲಭದ ಕೆಲಸವೆಂದೇ ಭಾವಿಸಿದ್ದೆವು. ಮೂರನೆಯ ದಿನ ಅಂಗಡಿಯಿಂದ ಉತ್ತರ ಬಂತು: "ಸರ್, ಕನ್ನಡ ಅಕ್ಷರ ಹಾಕಿದರೆ ಸೂಜಿ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಮಾಡಿಕೊಡುತ್ತೇವೆ, ಬೇಕಾದರೆ ಮರಾಠಿಯಲ್ಲಿ."

ಗಡಿಯಾಚೆಗಿನ ಕನ್ನಡ ಶಾಲೆಗಳವರಿಗೆ ಈ ಧಾಟಿಯ ಮಾತು ಹೊಸದಲ್ಲ. ಒಮ್ಮೆ ಫಲಕದಲ್ಲಿ ಜಾಗವಿರುವುದಿಲ್ಲ, ಇನ್ನೊಮ್ಮೆ ಕಂಪ್ಯೂಟರಿನಲ್ಲಿ ಅಕ್ಷರವಿರುವುದಿಲ್ಲ. ಆದರೆ ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಮುರಿದ ಸೂಜಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟು ತೋರಿಸಿದರು. ಹಾಗಾಗಿ ಜಗಳವಾಡದೆ, ಅವರ ಯಂತ್ರದ ಪಕ್ಕದಲ್ಲಿ ಎರಡು ಮಧ್ಯಾಹ್ನ ಕುಳಿತು ನೋಡಿದೆವು. ಹೊಲಿಗೆ ಬಲ್ಲ ಇಬ್ಬರು ತಾಯಂದಿರು ನಮ್ಮೊಡನಿದ್ದರು. ನಮಗಿಂತ ಬೇಗ ವಿಷಯ ಹಿಡಿದವರೂ ಅವರೇ.

ಮೊದಲು ತಿಳಿಯಬೇಕಾದದ್ದು, ಟೋಪಿಯು ಅಂಗಿಯಂತಲ್ಲ ಎಂಬುದು. ಅಂಗಿಯ ಬಟ್ಟೆಯನ್ನು ಚೌಕಟ್ಟಿನಲ್ಲಿ ಬಿಗಿದರೆ ಅದು ಯಂತ್ರದ ಪ್ಲೇಟಿನ ಮೇಲೆ ಸಮತಟ್ಟಾಗಿ ಕೂರುತ್ತದೆ. ಆರು ತುಂಡುಗಳ ಟೋಪಿ ಗುಮ್ಮಟದಂತೆ ಬಾಗಿರುತ್ತದೆ. ಮುಂಭಾಗದ ಎರಡು ತುಂಡುಗಳು ನಟ್ಟನಡುವೆ ಕೂಡುತ್ತವೆ. ಅವುಗಳ ಹಿಂದೆ ಗಟ್ಟಿ ಬಕ್ರಮ್, ಕೂಡುಹೊಲಿಗೆಯ ಮೇಲೆ ಮತ್ತೊಂದು ಪಟ್ಟಿ. ಬಿಸಿಲು ತಡೆಯುವ ಚಾಚಿನ ಬಳಿಗೆ ಬಂದಂತೆ ಈ ಪದರಗಳೆಲ್ಲ ಸೇರಿ ಸಣ್ಣ ದಿಬ್ಬವಾಗುತ್ತದೆ. ಸೂಜಿಯಾದರೋ ಬಹಳ ತೆಳು: ಪೊಟ್ಟಣದ ಮೇಲೆ 75/11 ಎಂದಿದ್ದರೆ ಅದರ ದಪ್ಪ 0.75 ಮಿಲಿಮೀಟರ್.

ಟೋಪಿಯನ್ನು ಚೌಕಟ್ಟಿಗೆ ಸಡಿಲವಾಗಿ ಕಟ್ಟಿದರೆ ಬಟ್ಟೆಗೂ ಪ್ಲೇಟಿಗೂ ನಡುವೆ ಪೊಳ್ಳು ಉಳಿಯುತ್ತದೆ. ಸೂಜಿ ಮೇಲೇಳುವಾಗ ಬಟ್ಟೆಯೂ ಅದರೊಂದಿಗೆ ಏಳುತ್ತದೆ, ಇಳಿಯುವಾಗ ಕುಸಿಯುತ್ತದೆ. ಹೀಗೆ ಕುಣಿಯುವ ಬಟ್ಟೆಯು ಸೂಜಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಕೂದಲೆಳೆಯಷ್ಟು ಬಾಗಿದರೂ ಸಾಕು, ಸೂಜಿಯ ಮೊನೆ ಪ್ಲೇಟಿನ ರಂಧ್ರದ ಅಂಚಿಗೆ ಬಡಿದು ಮುರಿಯುತ್ತದೆ. ಕಾಸರಗೋಡಿನ ತಳಂಗರೆಯಲ್ಲಿ ಹೆಂಗಸರು ಮನೆಯಲ್ಲಿ ಕುಳಿತು ಟೋಪಿಗಳಿಗೆ ಕೈಯಿಂದಲೇ ಕಸೂತಿ ಹಾಕುತ್ತಿದ್ದರು. ದಪ್ಪ ಬಂದಲ್ಲಿ ಬೆರಳು ತಾನಾಗಿಯೇ ನಿಧಾನವಾಗುತ್ತದೆ. ನಿಮಿಷಕ್ಕೆ ಸಾವಿರದವರೆಗೆ ಕುತ್ತುವ ಯಂತ್ರಕ್ಕೆ ಆ ಅರಿವನ್ನು ನಾವೇ ಕೊಡಬೇಕು.

ಸೂಜಿ ಮುರಿದೊಡನೆ ಹೊಸದನ್ನು ಹಾಕಿ ಮುಂದುವರಿಸುವುದು ಅಂಗಡಿಯ ರೂಢಿ. ನಮ್ಮ ಅನುಭವದಲ್ಲಿ ಅಲ್ಲಿಯೇ ತಪ್ಪಾಗುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ, ಸೂಜಿ ಎಲ್ಲಿ ಮುರಿಯಿತು ಎಂಬುದು. ಪ್ರತಿ ಟೋಪಿಯಲ್ಲೂ ಅಕ್ಷರದ ಅದೇ ಜಾಗದಲ್ಲಿ ಮುರಿದರೆ ದೋಷವು ವಿನ್ಯಾಸದಲ್ಲಿದೆ, ಅಥವಾ ಆ ಜಾಗದ ಅಡಿಯಲ್ಲಿರುವ ಕೂಡುಹೊಲಿಗೆಯಲ್ಲಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಮುರಿದರೆ ಚೌಕಟ್ಟಿನ ಬಿಗಿತವನ್ನು ಪರೀಕ್ಷಿಸಬೇಕು. ಹಲವು ಸೂಜಿಗಳ ಯಂತ್ರದಲ್ಲಿ ಒಂದೇ ಸಂಖ್ಯೆಯ ಸೂಜಿ ಮತ್ತೆ ಮತ್ತೆ ಮುರಿದರೆ ಆ ಸೂಜಿಯನ್ನು ಕೂರಿಸಿದ ರೀತಿಯನ್ನೋ ಅದರ ದಾರದ ಬಿಗಿಯನ್ನೋ ಸಂಶಯಿಸಬೇಕು. ಈ ಯಂತ್ರಗಳ ಸೂಜಿಯ ಬುಡ ದುಂಡಗಿರುವುದರಿಂದ ತಿರುವುಮುರುವಾಗಿ ಕೂರಿಸುವ ಸಾಧ್ಯತೆ ಹೆಚ್ಚು. ಉದ್ದ ಗಾಡಿ ನಮ್ಮ ಕಡೆಗಿರಬೇಕು, ಸೂಜಿ ಪೂರ್ತಿ ಮೇಲಕ್ಕೇರಿ ಕೂತಿರಬೇಕು. ಚೌಕಟ್ಟು ಒಮ್ಮೆ ಜೋರಾಗಿ ತಗುಲಿದ ಮೇಲೆ ಎಲ್ಲ ಸೂಜಿಗಳೂ ಮುರಿಯತೊಡಗಿದರೆ ಕೆಳಗಿನ ಹುಕ್ಕಿನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಅದಕ್ಕೆ ಮೆಕ್ಯಾನಿಕರೇ ಬರಬೇಕು, ನಾವು ಕೈಹಾಕಬಾರದು.

ನಮ್ಮ ಟೋಪಿಗಳಲ್ಲಿ ಸೂಜಿ ಮುರಿದದ್ದು ಒಂದೇ ಜಾಗದಲ್ಲಿ. "ಕನ್ನಡ" ಎಂಬ ಪದದ ನಡುವಿನ ಅಕ್ಷರದಲ್ಲಿ.

ಮೂರಕ್ಷರದ ಪದವನ್ನು ಟೋಪಿಯ ನಡುವೆ ಕೂರಿಸಿದಾಗ "ನ್ನ" ಎಂಬುದು ಸರಿಯಾಗಿ ಕೂಡುಹೊಲಿಗೆಯ ಮೇಲೆ ಬರುತ್ತದೆ. ಅದರ ಒತ್ತು ಕೆಳಗಿಳಿದು ಚಾಚಿನ ಹತ್ತಿರಕ್ಕೆ, ಎಂದರೆ ಅತಿ ದಪ್ಪ ಜಾಗಕ್ಕೆ ತಲುಪುತ್ತದೆ. ಪದದಲ್ಲಿ ಅತಿ ಸಣ್ಣ ಗೆರೆಗಳಿರುವುದೂ ಆ ಒತ್ತಿನಲ್ಲಿಯೇ. ಹೀಗೆ ಎಲ್ಲಕ್ಕಿಂತ ಇಕ್ಕಟ್ಟಾದ ಹೊಲಿಗೆಯು ಎಲ್ಲಕ್ಕಿಂತ ಗಟ್ಟಿಯಾದ ಜಾಗದಲ್ಲಿ ಬಿದ್ದಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕೆಳಗಿಳಿಯುವ ಒತ್ತಿಲ್ಲ; ಅಂಗಡಿಯವರಿಗೆ ಅದು ಸುಲಭವೆನಿಸಿದ್ದು ಅದಕ್ಕಾಗಿಯೇ.

ಇನ್ನೆರಡು ಕಾರಣಗಳು ಪರದೆಯ ಮೇಲೆ ವಿನ್ಯಾಸವನ್ನು ದೊಡ್ಡದಾಗಿಸಿ ನೋಡಿದಾಗ ಗೋಚರಿಸಿದವು. ಒಂದು, ಅಕ್ಷರಗಳನ್ನು ತುಣುಕು ತುಣುಕಾಗಿ ಜೋಡಿಸಲಾಗಿತ್ತು: ಮೂಲಾಕ್ಷರ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳ ಕ್ರಮವೇ ಅದು. ಕಾಗದದ ಮೇಲೆ ಎರಡು ತುಣುಕುಗಳು ಒಂದರ ಮೇಲೊಂದು ಬಂದರೆ ಕಣ್ಣಿಗೆ ಕಾಣುವುದಿಲ್ಲ. ದಾರದಲ್ಲಿ ಹಾಗಲ್ಲ, ಅಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಗಂಟಿನಂತಾಗುತ್ತದೆ, ಸೂಜಿಗೆ ಇಳಿಯಲು ದಾರಿಯಿರುವುದಿಲ್ಲ. ಎರಡನೆಯದು, ಆ ವಿನ್ಯಾಸವನ್ನು ಅಂಗಿಯ ಬೆನ್ನಿಗೆಂದು ದೊಡ್ಡದಾಗಿ ಮಾಡಿದ್ದು, ಟೋಪಿಗಾಗಿ ಯಂತ್ರದಲ್ಲಿಯೇ ಕುಗ್ಗಿಸಿದ್ದರು. ಡಿಎಸ್‌ಟಿ ಕಡತದಲ್ಲಿ ಇರುವುದು ಹೊಲಿಗೆಗಳ ಜಾಗ ಮಾತ್ರ. ಅದನ್ನು ಹಾಗೆಯೇ ಕುಗ್ಗಿಸಿದರೆ ಹೊಲಿಗೆಗಳ ಸಂಖ್ಯೆ ಕಡಿಮೆಯಾಗದೆ, ಅಷ್ಟೇ ಹೊಲಿಗೆಗಳು ಅರ್ಧ ಜಾಗದಲ್ಲಿ ತುರುಕಿಕೊಳ್ಳುತ್ತವೆ. ಒಂಬತ್ತು ಜನ ಕೂರುವ ಜೀಪಿನಲ್ಲಿ ಹದಿನೆಂಟು ಜನರನ್ನು ಕೂರಿಸಿದಂತೆ. ನಮ್ಮ ಕಡೆಯ ಪಾಲಕರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರವು ಕಾರಣಗಳಿಂದಲೇ ಹೊರಟಿತು. ಪಂಚಿಂಗ್ ಮಾಡುವವರಿಗೆ ಟೋಪಿಯ ಅಳತೆಯನ್ನೇ ಕೊಟ್ಟು ಹೊಸದಾಗಿ ಮಾಡಿಸಿದೆವು. ಅಕ್ಷರದ ತುಣುಕುಗಳನ್ನು ಬೆಸೆದು ಒಂದೇ ಆಕಾರವಾಗಿಸಿ, ಮೇಲುಮೇಲೆ ಬಿದ್ದ ಹೊಲಿಗೆಗಳನ್ನು ತೆಗೆಸಿದೆವು. ಒತ್ತಿನ ಗೆರೆ ಎಲ್ಲಿಯೂ 1 ಮಿಲಿಮೀಟರಿಗಿಂತ ಸಣ್ಣದಾಗದಂತೆ ಅದನ್ನು ತುಸು ಅಗಲಗೊಳಿಸಿದೆವು. ಪದವನ್ನು ಚಾಚಿನಿಂದ ಅರ್ಧ ಇಂಚಿಗಿಂತ ಹೆಚ್ಚು ಮೇಲಕ್ಕೆ ಸರಿಸಿದೆವು. ಶಾಲೆಯ ಪೂರ್ತಿ ಹೆಸರನ್ನು ಎರಡು ಸಾಲಿನಲ್ಲಿ ತುಂಬುವ ಆಸೆಯನ್ನು ಬಿಟ್ಟು, ಒಂದೇ ಸಾಲಿನಲ್ಲಿ ದೊಡ್ಡದಾಗಿ "ಕನ್ನಡ ಶಾಲೆ" ಎಂದಷ್ಟೇ ಉಳಿಸಿಕೊಂಡೆವು. ಇದಕ್ಕೆ ಸಭೆಯಲ್ಲಿ ಸ್ವಲ್ಪ ಅಸಮಾಧಾನವಾಯಿತು. ಆದರೆ ಎರಡು ಪದಗಳಾದಾಗ ಅವುಗಳ ನಡುವಿನ ಖಾಲಿ ಜಾಗವೇ ಕೂಡುಹೊಲಿಗೆಯ ಮೇಲೆ ಬಂತು, "ನ್ನ" ಪಕ್ಕಕ್ಕೆ ಸರಿಯಿತು. ಹೊಲಿಗೆಯ ಕ್ರಮವನ್ನೂ ಬದಲಿಸಿದೆವು: ನಡುವಿನಿಂದ ಆರಂಭಿಸಿ ಎರಡು ಬದಿಗಳಿಗೆ, ಕೆಳಗಿನಿಂದ ಮೇಲಕ್ಕೆ. ಎಡದಿಂದ ಬಲಕ್ಕೆ ಹೊಲಿದರೆ ಬಟ್ಟೆ ತಳ್ಳಿಕೊಂಡು ಹೋಗಿ ಒಂದು ಕಡೆ ಉಬ್ಬುತ್ತದೆ.

ಯಂತ್ರದ ಕಡೆಯ ಕೆಲಸಗಳು ಸಣ್ಣವು. ಬೆವರುಪಟ್ಟಿಯನ್ನು ಹೊರಕ್ಕೆ ಮಡಚಿ, ಟೋಪಿಯನ್ನು ಎಳೆದು ಕಟ್ಟಿ, ಅಡಿಯಲ್ಲಿ ಹರಿದು ತೆಗೆಯುವ ಗಟ್ಟಿ ಪೇಪರು ಇಟ್ಟರು. 75/11 ಬದಲಿಗೆ 80/12 ಅಳತೆಯ ಚೂಪುಮೊನೆಯ ಸೂಜಿ ಹಾಕಿದರು. ವೇಗವನ್ನು ನಿಮಿಷಕ್ಕೆ 600ಕ್ಕೆ ಇಳಿಸಿದರು. ಹಳೆಯ ಸೂಜಿಗಳು ಬಡಿದು ಪ್ಲೇಟಿನ ರಂಧ್ರದ ಅಂಚಿನಲ್ಲಿ ಗೀರು ಬಿದ್ದಿತ್ತು. ಅದನ್ನು ನುಣ್ಣಗೆ ಉಜ್ಜಿದರು. ಆ ದಿನ ಸಂಜೆಯವರೆಗೆ ಸೂಜಿ ಮುರಿಯಲಿಲ್ಲ. ಮರುದಿನ ಒಂದು ಮುರಿಯಿತು, ಟೋಪಿ ಸಡಿಲವಾಗಿ ಕಟ್ಟಿದ್ದರಿಂದ.

ಪಾಲಕರು ಒಂದು ಮಾತನ್ನು ಅಂಗಡಿಯವರಿಗೆ ಕಡ್ಡಾಯವಾಗಿ ಹೇಳಬೇಕು. ಸೂಜಿ ಮುರಿದರೆ ಅದರ ಎಲ್ಲ ಚೂರುಗಳೂ ಸಿಗುವವರೆಗೆ ಆ ಟೋಪಿಯನ್ನು ಪಕ್ಕಕ್ಕಿಡಬೇಕು. ಚೂರುಗಳನ್ನು ಜೋಡಿಸಿ ಪೂರ್ತಿ ಸೂಜಿಯಾಯಿತೇ ಎಂದು ನೋಡಬೇಕು. ಮೊನೆ ಸಿಗದಿದ್ದರೆ ಅದು ಹುಕ್ಕಿನೊಳಗೆ ಬಿದ್ದಿರಬಹುದು, ಬಕ್ರಮಿನ ಪದರದಲ್ಲಿ ಸಿಕ್ಕಿರಲೂಬಹುದು. ಆ ಟೋಪಿ ಮಗುವಿನ ಹಣೆಗೆ ಒತ್ತಿಕೊಂಡಿರುತ್ತದೆ. ಹೊಲಿದು ತಂದ ಪ್ರತಿಯೊಂದು ಟೋಪಿಯ ಒಳಬದಿಯಲ್ಲಿ ನಾವು ಅಯಸ್ಕಾಂತವನ್ನು ಆಡಿಸಿಯೇ ಮಕ್ಕಳಿಗೆ ಕೊಟ್ಟೆವು. ಯಂತ್ರದ ಬಳಿ ಕೂರುವವರು ಕನ್ನಡಕ ಧರಿಸುವುದೂ ಅಗತ್ಯ. ಮುರಿದ ಸೂಜಿ ಯಾವ ಕಡೆಗೆ ಹಾರುವುದೆಂದು ಹೇಳಲಾಗದು.

"ಕನ್ನಡ ಶಾಲೆ" ಎಂಬ ಸರಿಪಡಿಸಿದ ವಿನ್ಯಾಸದ ಕಡತ ನಮ್ಮಲ್ಲಿದೆ. ಜತ್ತ, ತಾಳವಾಡಿ, ಆದವಾನಿ, ಕಾಸರಗೋಡು ಯಾವ ಕಡೆಯ ಕನ್ನಡ ಶಾಲೆಯವರು ಕೇಳಿದರೂ ಕೊಡುತ್ತೇವೆ. ಪಡೆದುಕೊಂಡವರು ಅದನ್ನು ಯಂತ್ರದಲ್ಲಿ ಕುಗ್ಗಿಸದೆ, ಇದ್ದ ಅಳತೆಯಲ್ಲಿಯೇ ಹೊಲಿಸಬೇಕು.