ರೋಗನಿರೋಧಕ ಶಕ್ತಿಗೂ ಬೇಕು ಲಗಾಮು

ಕೋವಿಡ್ ಬಂದುಹೋದ ಮೇಲೆ ‘ಇಮ್ಯೂನಿಟಿ ಬೂಸ್ಟರ್’ ಎಂಬ ಮಾತು ನಮ್ಮ ಅಡುಗೆಮನೆಗೂ ನುಗ್ಗಿತು. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಅನೇಕರು ನಂಬಿಬಿಟ್ಟಿದ್ದಾರೆ. ರುಮಟಾಯ್ಡ್ ಸಂಧಿವಾತದಿಂದ ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದವರನ್ನು, ಟೈಪ್ 1 ಮಧುಮೇಹದಿಂದ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳನ್ನು ನೋಡಿದರೆ ಈ ನಂಬಿಕೆ ಅಲುಗಾಡುತ್ತದೆ. ಅವರ ಕಷ್ಟಕ್ಕೆ ಕಾರಣ ಆ ಶಕ್ತಿ ಕಡಿಮೆಯಾದದ್ದಲ್ಲ, ಅದು ಸ್ವಂತ ಮೈಯ ಮೇಲೇ ತಿರುಗಿಬಿದ್ದದ್ದು.

ಹಾಗಾದರೆ ಉಳಿದವರಲ್ಲಿ ಅದು ಏಕೆ ತಿರುಗಿಬೀಳುವುದಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದ ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿತು.

ನಮ್ಮ ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗುವುದು ಅಲ್ಲಿ. ಸ್ವಂತ ಅಂಗಾಂಶದ ಮೇಲೆ ಎರಗುವಂಥವು ಅಲ್ಲೇ ಸಾಯುತ್ತವೆ. ಅಷ್ಟೇ ಸಾಕು, ಬೇರೆ ಕಾವಲು ಬೇಕಿಲ್ಲ ಎಂಬುದೇ ಆಗ ಹೆಚ್ಚಿನವರ ಎಣಿಕೆ. ಆದರೆ ಜಪಾನಿನಲ್ಲೇ ನಡೆದಿದ್ದ ಹಳೆಯ ಪ್ರಯೋಗವೊಂದು ಸಕಾಗುಚಿಯವರನ್ನು ಕಾಡುತ್ತಿತ್ತು. ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ತೆಗೆದರೆ ರೋಗನಿರೋಧಕ ವ್ಯವಸ್ಥೆ ಸೊರಗಬೇಕಿತ್ತು. ಬದಲಿಗೆ ಅದು ಹುಚ್ಚೆದ್ದು ಮರಿಯ ಅಂಡಾಶಯವನ್ನೇ ನಾಶಮಾಡುತ್ತಿತ್ತು! ಅಂಥ ಮರಿಗಳಿಗೆ ಸಕಾಗುಚಿ ಅದೇ ತಳಿಯ ಆರೋಗ್ಯವಂತ ಇಲಿಗಳ ಟಿ ಕೋಶ ಕೊಟ್ಟರು. ರೋಗ ಬರಲಿಲ್ಲ. ಅಂದರೆ ಟಿ ಕೋಶಗಳಲ್ಲೇ ಇತರ ಟಿ ಕೋಶಗಳನ್ನು ತಡೆಯುವವೂ ಇರಬೇಕು.

ಹೇಳುವುದು ಸುಲಭ, ನಂಬಿಸುವುದು ಕಷ್ಟ. 1970ರ ದಶಕದಲ್ಲಿ ‘ಸಪ್ರೆಸರ್ ಟಿ ಕೋಶ’ ಎಂಬ ಇಂಥದ್ದೇ ವಾದ ಭಾರೀ ಸದ್ದು ಮಾಡಿ, ಪುರಾವೆ ನಿಲ್ಲದೆ ಕುಸಿದಿತ್ತು. ಆ ಹೆಸರೆತ್ತಿದರೆ ಸಂಶೋಧಕರು ಮುಖ ತಿರುಗಿಸುವ ಕಾಲವದು. ಸಕಾಗುಚಿ ಮಾತ್ರ ದಶಕಕ್ಕೂ ಹೆಚ್ಚು ಕಾಲ ಅದನ್ನೇ ಹಿಡಿದು ಕೂತರು. ನನ್ನ ಮಟ್ಟಿಗೆ ನೊಬೆಲ್‌ಗಿಂತ ದೊಡ್ಡದು ಈ ಹಟ. 1995ರಲ್ಲಿ ಆ ಕೋಶಗಳ ಗುರುತು ಸಿಕ್ಕಿತು: ಮೈಮೇಲೆ ಸಿಡಿ25 ಎಂಬ ಪ್ರೋಟೀನ್. ಇವೇ ರೆಗ್ಯುಲೇಟರಿ ಟಿ ಕೋಶಗಳು, ಚುಟುಕಾಗಿ ‘ಟ್ರೆಗ್’.

ಆದರೂ ಅನುಮಾನ ಹೋಗಲಿಲ್ಲ. ಅದನ್ನು ತೀರಿಸಿದ್ದು ಬೇರೆಯೇ ಒಂದು ಇಲಿ ವಂಶ. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಚರ್ಮ ಹೊಪ್ಪಳಿಸಿ ಕೆಲವೇ ವಾರಗಳಲ್ಲಿ ಸಾಯುವ ಗಂಡು ಇಲಿಗಳು ಹುಟ್ಟಿದ್ದವು. ‘ಸ್ಕರ್ಫಿ’ ಎಂದು ಅವುಗಳ ಹೆಸರು. ವಾಷಿಂಗ್ಟನ್ ರಾಜ್ಯದ ಕಂಪನಿಯೊಂದರಲ್ಲಿದ್ದ ಬ್ರಂಕೋ, ರಾಮ್ಸ್‌ಡೆಲ್ ಅವುಗಳ ಎಕ್ಸ್ ವರ್ಣತಂತುವನ್ನು ಜಾಲಾಡಿ ಹುಡುಕಾಟವನ್ನು 20 ಜೀನ್‌ಗಳಿಗೆ ಇಳಿಸಿದರು. ಒಂದೊಂದಾಗಿ ನೋಡುತ್ತ ಹೋದರೆ ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಟ್ಟರು. ಗಂಡುಮಕ್ಕಳನ್ನು ಎಳವೆಯಲ್ಲೇ ಕಾಡುವ ಐಪೆಕ್ಸ್ ಎಂಬ ಅಪರೂಪದ ಮಾರಕ ಕಾಯಿಲೆಗೂ ಅದೇ ಜೀನ್ ಕಾರಣವೆಂದು 2001ರಲ್ಲಿ ತಿಳಿಯಿತು. ಎರಡು ವರ್ಷಗಳಲ್ಲಿ ಸಕಾಗುಚಿ ಮತ್ತಿತರರು ಟ್ರೆಗ್ ಕೋಶಗಳು ರೂಪುಗೊಳ್ಳುವುದೇ ಈ ಜೀನ್‌ನಿಂದ ಎಂದು ತೋರಿಸಿದರು.

(ನೊಬೆಲ್ ಸುದ್ದಿಯ ಕರೆ ಬಂದಾಗ ಸ್ವೀಡನ್ನಿನ ನಂಬರ್ ನೋಡಿ ಬ್ರಂಕೋ ಸ್ಪ್ಯಾಮ್ ಎಂದುಕೊಂಡರಂತೆ. ರಾಮ್ಸ್‌ಡೆಲ್ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬೆಟ್ಟ ಸುತ್ತುತ್ತಿದ್ದರು.)

ಇದರಿಂದ ರೋಗಿಗೇನು ಲಾಭ? ರೋಗಿಯ ಟ್ರೆಗ್ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ ಮರಳಿ ಕೊಡುವ ಪ್ರಯೋಗಗಳು ನಡೆದಿವೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಮಾಡಲೂ ಇವನ್ನು ಪರೀಕ್ಷಿಸುತ್ತಿದ್ದಾರೆ. ಕ್ಯಾನ್ಸರ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಗೆಡ್ಡೆಯೇ ಟ್ರೆಗ್‌ಗಳನ್ನು ಸುತ್ತ ಸೇರಿಸಿಕೊಂಡು ರಕ್ಷಣೆ ಪಡೆಯುತ್ತದೆ, ಹಾಗಾಗಿ ಅವನ್ನು ಕಡಿಮೆ ಮಾಡಬೇಕು. ಇವೆಲ್ಲ ಇನ್ನೂ ಪರೀಕ್ಷೆಯ ಹಂತದಲ್ಲಿವೆ. ‘ನೊಬೆಲ್ ಚಿಕಿತ್ಸೆ’ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.