ನಾಡಿ ನೋಡಿ ನುಂಗುವ ಮಾತ್ರೆ

ಚೆನ್ನೈನ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಬೆಳಗಾಗುವ ಹೊತ್ತಿಗೇ ವಾಕಿಂಗ್ ಹೊರಟವರ ಸಾಲು. ಹಲವರ ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಸ್ಮಾರ್ಟ್ ವಾಚ್. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ ಎಂಬುದು ಎಲ್ಲೆಡೆ ಓಡಾಡುವ ಲೆಕ್ಕ; 65ರ ಹಿರಿಯರಿಗೆ ಅದು 155. ಆದರೆ ಅವರು ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬಿರುಸಾಗಿ ನಡೆದರೂ ಬಡಿತ ಅಷ್ಟು ಏರದು, ಏರಿಸಲು ಹೆಣಗಲೂಬಾರದು. ಏದುಸಿರಿಲ್ಲದೆ ಮಾತಾಡುತ್ತ ನಡೆಯಲು ಆಗುತ್ತಿದೆಯೇ ಎಂಬುದೇ ಅವರಿಗೆ ಒಳ್ಳೆಯ ಅಳತೆ.

ಇವು ಬೀಟಾ ಬ್ಲಾಕರ್ ಗುಂಪಿನ ಔಷಧಿಗಳು. ಅಡ್ರಿನಲಿನ್ ಬಂದು ಕೂರಬೇಕಾದ ಜಾಗವನ್ನು ಹೃದಯದಲ್ಲಿ ಇವು ಮೊದಲೇ ಹಿಡಿದುಕೊಳ್ಳುತ್ತವೆ. ಬಡಿತ ನಿಧಾನವಾಗುತ್ತದೆ, ಹೃದಯದ ಆಮ್ಲಜನಕದ ಬೇಡಿಕೆ ಇಳಿಯುತ್ತದೆ, ಎದೆನೋವು ತಗ್ಗುತ್ತದೆ. ಈ ಯೋಚನೆಯಿಂದಲೇ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ರೂಪಿಸಿದ ಸ್ಕಾಟ್ಲೆಂಡಿನ ಜೇಮ್ಸ್ ಬ್ಲಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಹೃದಯ ವೈಫಲ್ಯ ಇರುವವರಿಗೆ ಬೀಟಾ ಬ್ಲಾಕರ್ ಕೊಡಲೇಬಾರದು ಎಂದು ವೈದ್ಯರು ಬಹುಕಾಲ ನಂಬಿದ್ದರು. 1975ರಲ್ಲಿ ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಆ ನಂಬಿಕೆಯನ್ನು ಅಲುಗಿಸಿದರು. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯಿತು.

ಗುಟ್ಟಿರುವುದು ಪ್ರಮಾಣದಲ್ಲಿ. ಹೃದಯ ವೈಫಲ್ಯ ಇರುವವರಿಗೆ ಬಿಸೊಪ್ರೊಲಾಲ್ ಶುರುವಾಗುವುದು ಬರೀ 1.25 ಮಿಲಿಗ್ರಾಂನಿಂದ, ಅದೂ ಶ್ವಾಸಕೋಶದಲ್ಲಿ ತುಂಬಿದ ನೀರು ಇಳಿದ ಮೇಲೆ. ಎರಡು ವಾರಕ್ಕಿಂತ ಮೊದಲು ಏರಿಸುವಂತಿಲ್ಲ. ದೇಹ ತಾಳಿದರೆ ಹಂತಹಂತವಾಗಿ 10 ಮಿಲಿಗ್ರಾಂವರೆಗೆ. ಪ್ರತಿ ಹಂತದಲ್ಲೂ ನಾಡಿ, ಬಿಪಿ, ತೂಕ, ಕಾಲಿನ ಊತ ನೋಡಲೇಬೇಕು. ನಾಡಿಯನ್ನು ಮನೆಯಲ್ಲೇ ನೋಡಬಹುದು: ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. 50ಕ್ಕಿಂತ ಕೆಳಗಿಳಿದರೆ, ತಲೆ ಸುತ್ತಿದರೆ, ಎರಡು ಮೂರು ದಿನದಲ್ಲೇ ಎರಡು ಕಿಲೋ ತೂಕ ಏರಿದರೆ ವೈದ್ಯರಿಗೆ ತಿಳಿಸಿ. ಚೆನ್ನೈನ ಕಡುಬೇಸಿಗೆಯ ಕತ್ತಿರಿ ಬಿಸಿಲಿನಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದ್ದರೆ, ಬಿಪಿ ಬೇಗ ಇಳಿಯಬಹುದು.

ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ವೆರಾಪಮಿಲ್, ಡಿಲ್ಟಿಯಾಝೆಮ್ ಎಂಬ ಔಷಧಿಗಳ ಜೊತೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಆಗಬೇಕಾದ ನಡುಕ, ಎದೆ ಢವಢವ ಗೊತ್ತೇ ಆಗದಿರಬಹುದು. ಬೆವರು ಮಾತ್ರ ಸುಳಿವು ಕೊಡುತ್ತದೆ. ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್ರೇ. ಅದು ಮೂಗಿನ ಒಳಪೊರೆಯಿಂದ ರಕ್ತ ಸೇರಿ ಬಡಿತವನ್ನು ಇನ್ನಷ್ಟು ತಗ್ಗಿಸಬಲ್ಲದು. ಹೃದ್ರೋಗ ತಜ್ಞರ ಮುಂದೆ ಈ ಹನಿಯ ಹೆಸರು ಬಿಟ್ಟುಹೋಗುವುದು ಬಹಳ ಸುಲಭ.

ಹೃದಯಾಘಾತವಾದರೂ ಹೃದಯದ ಪಂಪಿಂಗ್ ಚೆನ್ನಾಗಿ ಉಳಿದವರಿಗೆ ಈ ಮಾತ್ರೆ ಬೇಕೇ ಎಂಬ ಪ್ರಶ್ನೆಯೂ ಈಗ ಎದ್ದಿದೆ. 2024ರ ಸ್ವೀಡನ್ ನೇತೃತ್ವದ ಪ್ರಯೋಗವೊಂದರಲ್ಲಿ ಅಂಥವರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗೆಂದು ತಾವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಬಡಿತ, ಬಿಪಿ ಎರಡೂ ಏರಿ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಬಿಡಬೇಕಿದ್ದರೆ ವೈದ್ಯರೇ ವಾರಗಳ ಮೇಲೆ ಇಳಿಸಿ ಬಿಡಿಸುತ್ತಾರೆ. ಊರಿಗೆ ಹೊರಡುವ ಮುನ್ನ ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ದಯವಿಟ್ಟು ನೋಡಿಕೊಳ್ಳಿ.