ನಿಮಗಿದು ಗೊತ್ತೆ? ಸಿಮೆಂಟ್ ಸೀಮೆಯಲ್ಲಿ ಇಬ್ಬನಿಯೇ ಲೈನ್‌ಗೆ ವೈರಿ

ಜಡಿಮಳೆಗಿಂತ ಚಳಿಗಾಲದ ತೆಳು ಇಬ್ಬನಿಯೇ ಕೆಲವೊಮ್ಮೆ ವಿದ್ಯುತ್ ಮಾರ್ಗಕ್ಕೆ ಹೆಚ್ಚು ಅಪಾಯಕಾರಿ. ವಾಡಿ, ಶಹಾಬಾದ್, ಸೇಡಂನಂಥ ಸಿಮೆಂಟ್ ಸೀಮೆಗೆ ಇದು ಮುಖ್ಯ ಸಂಗತಿ. ಕಂಬದ ಪಿಂಗಾಣಿ ಇನ್ಸುಲೇಟರ್‌ಗೆ ಅಂಟಿದ ಸಿಮೆಂಟ್ ದೂಳು ಒಣಗಿದ್ದಾಗ ನಿರುಪದ್ರವಿ. ನಸುಕಿನ ತೇವ ತಾಕಿತೋ, ಅದರಲ್ಲಿನ ಲವಣಗಳು ಕರಗಿ ಕರೆಂಟ್ ಹರಿಯಲು ದಾರಿಯಾಗುತ್ತದೆ. ಚಟಪಟ ಸದ್ದು, ನೀಲಿ ಕಿಡಿ, ಬಳಿಕ ಫೀಡರ್ ಟ್ರಿಪ್ ಆಗಿ ಕರೆಂಟ್ ಕಡಿತ. ಬಿರುಮಳೆ ಸಡಿಲ ದೂಳನ್ನು ತೊಳೆಯುತ್ತದೆ; ಗಟ್ಟಿಗೊಂಡ ಸಿಮೆಂಟ್ ಪದರ ಮಾತ್ರ ಜಗ್ಗದು. ಅದನ್ನು ಕೈಯಿಂದಲೇ ಉಜ್ಜಬೇಕು, ಇಲ್ಲವೇ ಇನ್ಸುಲೇಟರ್ ಬದಲಿಸಬೇಕು.

ಈ ಕೆಲಸಕ್ಕೂ ಮುನ್ನ ದುರಸ್ತಿ ತಂಡದ ಮುಖ್ಯಸ್ಥ ಉಪಕೇಂದ್ರದಿಂದ ‘ಲೈನ್ ಕ್ಲಿಯರ್’ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಪಡೆದು, ಕೆಲಸದ ಜಾಗದ ಎರಡೂ ಬದಿ ತಂತಿಗಳನ್ನು ಅರ್ತ್ ಮಾಡಿಸಬೇಕು. ಏಕೆಂದರೆ, ಲೈನ್ ಬಂದ್ ಆಗಿದ್ದರೂ ಯಾರದೋ ಜನರೇಟರ್‌ನಿಂದ ಹಿಮ್ಮುಖವಾಗಿ ನುಗ್ಗಿದ ಕರೆಂಟ್ ಟ್ರಾನ್ಸ್‌ಫಾರ್ಮರ್ ದಾಟಿ ಮತ್ತೆ 11,000 ವೋಲ್ಟ್ ಆಗಬಲ್ಲದು! ಕಂಬ ಹತ್ತಿದವರೆಲ್ಲ ಕೆಳಗಿಳಿದ ಮೇಲಷ್ಟೇ ಅರ್ತ್ ತೆಗೆಯಬೇಕು.